ಕಾಮಿಕ್ಸ್ ಓದಿ ಬೆಳೆದ ಊರಿಗೆ ಕಾಮಿಕ್ಸ್ ಸಿನಿಮಾ ಏಕಿಲ್ಲ?

2023ರ ಅಕ್ಟೋಬರ್ 19ರಂದು ತೆರೆಗೆ ಬಂದ ‘ಲಿಯೋ’ದಲ್ಲಿ ವಿಜಯ್ ಒಬ್ಬ ಕೆಫೆ ಮಾಲೀಕ. ಹಿಮಾಚಲದ ಥಿಯೋಗ್ ಎಂಬ ಗುಡ್ಡದೂರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ತನ್ನ ಪಾಡಿಗೆ ತಾನಿರುವ ಪಾರ್ತಿಬನ್‌ನ ಕೆಫೆಗೆ ಕೊಲೆಗಡುಕರು ನುಗ್ಗುತ್ತಾರೆ. ಅವನು ಅವರನ್ನು ಗುಂಡಿಟ್ಟು ಕೆಡವುತ್ತಾನೆ. ಊರು ಅವನನ್ನು ಹೀರೋ ಮಾಡುತ್ತದೆ, ಸುದ್ದಿ ಹಬ್ಬುತ್ತದೆ, ದೂರದ ಗ್ಯಾಂಗೊಂದು ‘ಇವನು ನಮ್ಮ ಲಿಯೋ’ ಎಂದು ಹುಡುಕಿಕೊಂಡು ಬರುತ್ತದೆ. ತಮ್ಮ ಚಿತ್ರ ಡೇವಿಡ್ ಕ್ರೊನೆನ್‌ಬರ್ಗ್ ಅವರ ‘ಎ ಹಿಸ್ಟರಿ ಆಫ್ ವಯಲೆನ್ಸ್’ಗೆ ಸಲ್ಲಿಸಿದ ಗೌರವ ಎಂಬುದನ್ನು ನಿರ್ದೇಶಕ ಲೋಕೇಶ್ ಕನಗರಾಜ್ ಮುಚ್ಚಿಡಲಿಲ್ಲ. 2005ರ ಆ ಚಿತ್ರಕ್ಕೂ ಒಂದು ಮೂಲವಿದೆ: ಜಾನ್ ವ್ಯಾಗ್ನರ್ ಬರೆದು ವಿನ್ಸ್ ಲಾಕ್ ಚಿತ್ರಿಸಿದ, 1997ರಲ್ಲಿ ಪ್ರಕಟವಾದ ಅದೇ ಹೆಸರಿನ ಗ್ರಾಫಿಕ್ ಕಾದಂಬರಿ. ಚಿತ್ರಕಥೆ ಕೈಗೆ ಬಂದಾಗ ಅದು ಕಾಮಿಕ್ಸ್‌ನಿಂದ ಬಂದದ್ದೆಂದು ತಮಗೇ ಗೊತ್ತಿರಲಿಲ್ಲ ಎಂದು ಕ್ರೊನೆನ್‌ಬರ್ಗ್ ಹೇಳಿದ್ದುಂಟು.

ಹೀಗೆ, ಚೆನ್ನೈನ ಅತಿ ದೊಡ್ಡ ಆಕ್ಷನ್ ಚಿತ್ರಗಳಲ್ಲೊಂದು ಎರಡನೇ ಕೈಯ ಕಾಮಿಕ್ಸ್ ರೂಪಾಂತರ. ಮೊದಲ ಕೈಯದು ಯಾವುದು ಎಂದು ಕೇಳಿದರೆ ಮಾತ್ರ ತಡವರಿಸಬೇಕಾಗುತ್ತದೆ. ಒಂದು ಕಾಮಿಕ್ಸ್ ಪುಸ್ತಕದ ಹಕ್ಕು ಕೊಂಡು, ಅದರ ಬರಹಗಾರ, ಚಿತ್ರಕಾರರ ಹೆಸರನ್ನು ಟೈಟಲ್ ಕಾರ್ಡಿನಲ್ಲಿ ಹಾಕಿ ಮಾಡಿದ ಭರ್ಜರಿ ತಮಿಳು ಆಕ್ಷನ್ ಚಿತ್ರದ ಹೆಸರು ಹೇಳುವುದು ಕಷ್ಟ. ತಮಿಳುನಾಡಿನಲ್ಲಿ ಅರ್ಧ ಶತಮಾನದಿಂದ ಕಾಮಿಕ್ಸ್ ಓದುವ ನಿಷ್ಠಾವಂತ ಬಳಗವಿದೆ. ಸ್ಟಂಟ್, ಗ್ರಾಫಿಕ್ಸ್, ಸಂಗೀತದಲ್ಲಿ ಚೆನ್ನೈಗೆ ಯಾರ ಹಂಗೂ ಇಲ್ಲ. ಎರಡೂ ಇದ್ದು ಕೂಡಿ ಬಾರದಿರಲು ಕಾರಣವೇನು? ಇದಕ್ಕೆ ಕೇಳಿಬರುವ ಉತ್ತರಗಳು ಹಲವು. ಒಂದೊಂದೂ ಪ್ರಶ್ನೆಯ ಒಂದೊಂದು ಭಾಗವನ್ನು ಬಿಡಿಸುತ್ತದೆ, ಇನ್ನೊಂದು ಭಾಗವನ್ನು ಹಾಗೇ ಬಿಡುತ್ತದೆ.

ವಡಪಳನಿಯ ಒಂದೇ ಆವರಣ

ಚಿತ್ರಕ್ಕೂ ಸಿನಿಮಾಕ್ಕೂ ಮದರಾಸಿನಲ್ಲಿ ಜಗಳವೇನೂ ಇರಲಿಲ್ಲ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ತೆಲುಗಿನಲ್ಲಿ ‘ಚಂದಮಾಮ’ವನ್ನೂ ತಮಿಳಿನಲ್ಲಿ ‘ಅಂಬುಲಿಮಾಮ’ವನ್ನೂ ಶುರು ಮಾಡಿದರು. 1949ರಲ್ಲಿ ಕನ್ನಡ ‘ಚಂದಮಾಮ’ ಬಂತು. ನಮ್ಮ ಅಜ್ಜ ಅಜ್ಜಿಯರ ಕಾಲದ ಮಕ್ಕಳು ಓದಿದ ಆ ಕನ್ನಡ ಪತ್ರಿಕೆ ತಯಾರಾಗುತ್ತಿದ್ದದ್ದು ಮದರಾಸಿನ ವಡಪಳನಿಯಲ್ಲಿ. ಅದೇ ಜೋಡಿ ವಿಜಯಾ ಪ್ರೊಡಕ್ಷನ್ಸ್ ಹೆಸರಿನಲ್ಲಿ 1951ರಲ್ಲಿ ‘ಪಾತಾಳ ಭೈರವಿ’, 1957ರಲ್ಲಿ ‘ಮಾಯಾಬಜಾರ್’ ತೆಗೆದರು. ‘ಮಾಯಾಬಜಾರ್’ ಕಲಾ ನಿರ್ದೇಶಕ ಗೋಖಲೆ ಪಾತ್ರಗಳ ವೇಷಭೂಷಣಗಳನ್ನು ಮೊದಲು ಕಾಗದದ ಮೇಲೆ ಬರೆದು ತೋರಿಸುತ್ತಿದ್ದರು. ಆಮೇಲೆ ದರ್ಜಿ, ಬಡಗಿಗಳ ಕೆಲಸ. ಪತ್ರಿಕೆಯ ಪುಟದಲ್ಲಿ ವಡ್ಡಾದಿ ಪಾಪಯ್ಯ, ಶಂಕರ್, ನಮ್ಮವರೇ ಆದ ಎಂ.ಟಿ.ವಿ. ಆಚಾರ್ಯ ಪುರಾಣ ಪುರುಷರಿಗೆ ಮೈಕಟ್ಟು, ಕಿರೀಟ, ಆಯುಧ ಕೊಟ್ಟರು. ಒಂದು ತಲೆಮಾರಿನ ಕಣ್ಣಿಗೆ ಭೀಮ ಹೇಗಿರಬೇಕು, ರಾಕ್ಷಸ ಹೇಗಿರಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು.

‘ಚಂದಮಾಮ’ ಕಾಮಿಕ್ಸ್ ಅಲ್ಲ, ಚಿತ್ರಸಹಿತ ಕಥೆ. ಚೌಕಟ್ಟಿನ ಪಕ್ಕ ಚೌಕಟ್ಟಿಟ್ಟು ಓಟ, ಹೊಡೆತ, ಜಿಗಿತ ತೋರಿಸುವ ವಿದ್ಯೆ ಅದರದ್ದಲ್ಲ. ಆ ವಿದ್ಯೆ ತಮಿಳರಿಗೆ ಬಂದದ್ದು ಬೇರೆ ದಾರಿಯಿಂದ.

ಶಿವಕಾಶಿಯ ಉಕ್ಕಿನ ಕೈ

1972ರಲ್ಲಿ ಶಿವಕಾಶಿಯಿಂದ ಮುತ್ತು ಕಾಮಿಕ್ಸ್ ಹೊರಟಿತು. ಮೊದಲ ಸಂಚಿಕೆಯೇ ‘ಇರುಂಬುಕ್ಕೈ ಮಾಯಾವಿ’. ಬ್ರಿಟನ್ನಿನ ‘ವ್ಯಾಲಿಯಂಟ್’ ವಾರಪತ್ರಿಕೆಯಲ್ಲಿ 1962ರಿಂದ ಬಂದ ‘ದಿ ಸ್ಟೀಲ್ ಕ್ಲಾ’ದ ತಮಿಳು ರೂಪ ಅದು. ಲೂಯಿ ಕ್ರಾಂಡೆಲ್ ಎಂಬುವನ ಒಂದು ಕೈ ಪ್ರಯೋಗಶಾಲೆಯ ಅಪಘಾತದಲ್ಲಿ ಹೋಗಿ ಉಕ್ಕಿನ ಕೈ ಬಂದಿದೆ. ಕರೆಂಟ್ ಹೊಡೆದರೆ ಅವನ ಇಡೀ ದೇಹ ಮಾಯ. ಗಾಳಿಯಲ್ಲಿ ತೇಲುವ ಉಕ್ಕಿನ ಕೈ ಮಾತ್ರ ಕಾಣುತ್ತದೆ. ಸ್ಪೇನಿನ ಚಿತ್ರಕಾರ ಹೆಸೂಸ್ ಬ್ಲಾಸ್ಕೊ ಕಪ್ಪು ಮಸಿಯಲ್ಲಿ ಬರೆದ ಆ ಕೈ ತಮಿಳುನಾಡಿನ ಹುಡುಗರನ್ನು ಹಿಡಿದದ್ದು ಬಿಡಲೇ ಇಲ್ಲ. ಹುಟ್ಟಿದ ದೇಶದಲ್ಲಿ ಹಳೆಯ ಓದುಗರ ನೆನಪಾಗಿ ಉಳಿದ ಪಾತ್ರ, ತಮಿಳಿನಲ್ಲಿ ಮನೆಮಾತಾಯಿತು.

1984ರಲ್ಲಿ ಅದೇ ಶಿವಕಾಶಿಯಿಂದ ಎಸ್. ವಿಜಯನ್ ಅವರ ಲಯನ್ ಕಾಮಿಕ್ಸ್ ಬಂತು. ಅದರ ಮೊದಲ ಸಂಚಿಕೆಯ ನಾಯಕಿ ಮಾಡೆಸ್ಟಿ ಬ್ಲೇಸ್. ಅದೇ ವರ್ಷ ಚೆನ್ನೈನಿಂದ ದಿನತಂದಿ ಬಳಗ ರಾಣಿ ಕಾಮಿಕ್ಸ್ ತಂದು ಜೇಮ್ಸ್ ಬಾಂಡ್‌ನನ್ನು ಕಡಿಮೆ ಬೆಲೆಗೆ ಪೆಟ್ಟಿಗೆ ಅಂಗಡಿಗಳಿಗೆ ತಲುಪಿಸಿತು. ಬ್ರಿಟನ್ನಿನ ಸ್ಪೈಡರ್, ಇಟಲಿಯ ಕೌಬಾಯ್ ಟೆಕ್ಸ್ ವಿಲ್ಲರ್ ತಮಿಳು ಮಾತಾಡಿದರು. ರಾಣಿ 2005ರಲ್ಲಿ ನಿಂತಿತು. ಲಯನ್, ಮುತ್ತು ಇಂದಿಗೂ ಚಂದಾದಾರರ ಬಲದ ಮೇಲೆ ನಡೆಯುತ್ತಿವೆ. ಆ ಚಂದಾದಾರರಲ್ಲಿ ಅಂದು ಚಡ್ಡಿ ಹಾಕಿಕೊಂಡು ಓದಿದವರೇ ಬಹಳ ಮಂದಿ.

ಕನ್ನಡದ ಓದುಗರಿಗೆ ಇದು ಪೂರ್ತಿ ಹೊಸದಲ್ಲ. ‘ಸುಧಾ’ದ ಪುಟಗಳಲ್ಲಿ ಫ್ಯಾಂಟಮ್‌ಗಾಗಿ ಕಾದವರು ನಮ್ಮಲ್ಲೂ ಇದ್ದಾರೆ. ಅಮರ ಚಿತ್ರಕಥೆಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ಆದರೆ ಒಂದೇ ಭಾಷೆಯಲ್ಲಿ, ದಶಕಗಳ ಕಾಲ, ಸಾಹಸ ಕಾಮಿಕ್ಸ್‌ಗೆಂದೇ ಮೀಸಲಾದ ಪ್ರಕಾಶನಗಳು ನಮ್ಮಲ್ಲಿ ತಮಿಳಿನಷ್ಟು ಬೇರು ಬಿಡಲಿಲ್ಲ.

ತೆರೆಯ ಮೇಲೆ ಬಂದದ್ದು, ಬಾರದ್ದು

ಬಾಂಡ್ ಗಾಳಿ ತಮಿಳು ಸ್ಟುಡಿಯೋಗಳಿಗೆ ಕಾಮಿಕ್ಸ್‌ಗಿಂತ ಮೊದಲೇ ಬೀಸಿತ್ತು. ಸೇಲಂನ ಮಾಡರ್ನ್ ಥಿಯೇಟರ್ಸ್ 1966ರಲ್ಲಿ ಜೈಶಂಕರ್ ಅವರಿಂದ ‘ವಲ್ಲವನ್ ಒರುವನ್’ ಮಾಡಿಸಿತು, 1970ರಲ್ಲಿ ‘ಸಿಐಡಿ ಶಂಕರ್’. ಕನ್ನಡ ಚಿತ್ರರಂಗವೂ ಮದರಾಸನ್ನೇ ನೆಚ್ಚಿಕೊಂಡಿದ್ದ ಆ ದಿನಗಳಲ್ಲಿ ದೊರೆ-ಭಗವಾನ್ ಜೋಡಿ ರಾಜ್‌ಕುಮಾರ್ ಅವರನ್ನು ಸಿಐಡಿ 999 ಮಾಡಿ ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ತೆಗೆದದ್ದು 1968-69ರಲ್ಲಿ. 1972ರಲ್ಲಿ ಕರ್ಣನ್ ‘ಗಂಗಾ’ದಲ್ಲಿ ಜೈಶಂಕರ್‌ಗೆ ಕೌಬಾಯ್ ಟೋಪಿ ತೊಡಿಸಿದರು.

ಕಾಮಿಕ್ಸ್ ಓದಿ ಬೆಳೆದ ತಲೆಮಾರು ಕ್ಯಾಮೆರಾ ಹಿಂದೆ ಬಂದದ್ದು 2000ದ ನಂತರ. ‘ಆನಂದ ವಿಕಟನ್’ ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬರೆಯುತ್ತಿದ್ದ ಚಿಂಬುದೇವನ್ 2006ರಲ್ಲಿ ವಡಿವೇಲು ಅವರ ‘ಇಂಸೈ ಅರಸನ್ 23ಆಂ ಪುಲಿಕೇಸಿ’ ಮಾಡಿದರು. 2010ರಲ್ಲಿ ರಾಘವ ಲಾರೆನ್ಸ್ ನಾಯಕನಾಗಿ ‘ಇರುಂಬುಕ್ಕೋಟ್ಟೈ ಮುರಟ್ಟು ಸಿಂಗಂ’ ಬಂತು. ಕೌಬಾಯ್ ಕಾಮಿಕ್ಸ್ ಓದಿದವರಿಗೆ ಅಲ್ಲಿ ಪ್ರತಿ ಫ್ರೇಮೂ ಪರಿಚಿತ. ಕಥೆಯ ಊರಿಗೆ ಜೈಶಂಕರಪುರಂ ಎಂದೇ ಹೆಸರು. ಆದರೂ ಅದು ಯಾವುದೋ ಒಂದು ಸಂಚಿಕೆಯ ರೂಪಾಂತರ ಅಲ್ಲ, ಓದಿದ್ದೆಲ್ಲ ಸೇರಿ ಹುಟ್ಟಿದ ತಮಾಷೆ.

2012ರಲ್ಲಿ ಮಿಷ್ಕಿನ್ ‘ಮುಗಮೂಡಿ’ ತಂದರು. ಜೀವಾ ನಾಯಕ, ಪೂಜಾ ಹೆಗ್ಡೆಗೆ ಅದು ಮೊದಲ ಚಿತ್ರ. ತಮಿಳಿನ ಮೊದಲ ಸೂಪರ್‌ಹೀರೋ ಚಿತ್ರವೆಂದು ದೊಡ್ಡ ಪ್ರಚಾರ ಸಿಕ್ಕಿತು. ಕುಂಗ್ ಫು ಗರಡಿ, ಬ್ರೂಸ್ ಲೀ ಭಕ್ತಿ, ಮುಖವಾಡ ಎಲ್ಲ ಇತ್ತು, ಜನ ಒಪ್ಪಲಿಲ್ಲ. ಸೂರ್ಯ ಅವರನ್ನಿಟ್ಟುಕೊಂಡು ‘ಇರುಂಬುಕ್ಕೈ ಮಾಯಾವಿ’ ಎಂಬ ಹೆಸರಿನ ಚಿತ್ರ ಮಾಡುವ ಕನಸನ್ನು ಲೋಕೇಶ್ ತಮ್ಮ ಮೊದಲ ಚಿತ್ರ ‘ಮಾನಗರಂ’ (2017) ಆದಾಗಿನಿಂದ ಹೇಳುತ್ತ ಬಂದಿದ್ದಾರೆ. ‘ಕೈದಿ’, ‘ವಿಕ್ರಂ’, ‘ಲಿಯೋ’ ಬಂದವು. ಮಾಯಾವಿ ಮಾತಿನಲ್ಲೇ ಉಳಿದ.

ಇಷ್ಟು ಹಿನ್ನೆಲೆ. ಇನ್ನು ವಾದಗಳಿಗೆ ಬರೋಣ.

ಒಂದನೆಯ ವಾದ: ನಟನೇ ಕಾಮಿಕ್ಸ್ ನಾಯಕ

ಎಲ್ಲರಿಗಿಂತ ಮುಂಚೆ, ಎಲ್ಲರಿಗಿಂತ ಜೋರಾಗಿ ಕೇಳುವ ವಾದ ಇದು. ಎಂಜಿಆರ್ ಒಬ್ಬರೇ ನೂರು ಜನರನ್ನು ಹೊಡೆದರು. ರಜನಿ ಸಿಗರೇಟನ್ನು ಗಾಳಿಗೆ ಚಿಮ್ಮಿ ತುಟಿಯಲ್ಲಿ ಹಿಡಿದರು. ತೆರೆಯ ಮೇಲೆ ಇಂಥ ಅತಿಮಾನುಷರಿರುವಾಗ ಕಾಗದದ ಮೇಲಿನ ಅತಿಮಾನುಷ ಯಾರಿಗೆ ಬೇಕು? ಅದರ ಮೇಲೆ, ಪ್ರೇಕ್ಷಕ ದುಡ್ಡು ಕೊಡುವುದೇ ನಾಯಕನ ಮುಖ ನೋಡಲು. ಆ ಮುಖಕ್ಕೆ ಬಟ್ಟೆ ಕಟ್ಟಿದರೆ ವ್ಯಾಪಾರ ಕೆಟ್ಟಿತು ಎನ್ನುತ್ತಾರೆ ಈ ವಾದದವರು. ‘ಮುಗಮೂಡಿ’ಯ ಸೋಲು ಅವರ ಕೈಯಲ್ಲಿರುವ ದೊಡ್ಡ ಸಾಕ್ಷಿ.

ಆದರೆ ಇತಿಹಾಸ ಈ ವಾದಕ್ಕೆ ಪೂರ್ತಿ ಸಹಿ ಹಾಕುವುದಿಲ್ಲ. 1954ರಲ್ಲೇ ಎಂಜಿಆರ್ ‘ಮಲೈಕ್ಕಳ್ಳನ್’ ಚಿತ್ರದಲ್ಲಿ ವೇಷ ಮರೆಸಿ ಉಳ್ಳವರಿಂದ ಕಿತ್ತು ಇಲ್ಲದವರಿಗೆ ಹಂಚಿದರು. ಅದು ಎಷ್ಟು ಓಡಿತೆಂದರೆ ಹಲವು ಭಾಷೆಗಳಿಗೆ ಹೋಯಿತು. ಕನ್ನಡದಲ್ಲಿ 1957ರ ‘ಬೆಟ್ಟದ ಕಳ್ಳ’ ಅದೇ ಕಥೆ. 2005ರ ‘ಅನ್ನಿಯನ್’ನಲ್ಲಿ ವಿಕ್ರಂ ಮುಖದ ಮೇಲೆ ಕೂದಲು ಇಳಿಬಿಟ್ಟುಕೊಂಡು ಅಪರಾಧಿಗಳನ್ನು ದಂಡಿಸಿದರು, ಜನ ಮುಗಿಬಿದ್ದು ನೋಡಿದರು. 2009ರ ‘ಕಂದಸಾಮಿ’ಯಲ್ಲಿ ಅದೇ ನಟ ಹುಂಜದ ವೇಷ ಹಾಕಿದಾಗ ಆ ಮಟ್ಟದ ಮೆಚ್ಚುಗೆ ಬರಲಿಲ್ಲ. ಹಾಗಾದರೆ ತೊಡಕು ಮುಖವಾಡದ್ದಲ್ಲ. ಮುಖವಾಡದ ಹಿಂದಿರುವವನು ಯಾರೆಂದು ಪ್ರೇಕ್ಷಕನಿಗೆ ಗೊತ್ತಿದ್ದು, ಕಥೆಯೊಳಗಿನವರಿಗೆ ಗೊತ್ತಿಲ್ಲದಿರುವ ಆಟ ಸರಿಯಾಗಿ ಕೂತರೆ ಚಿತ್ರ ಓಡುತ್ತದೆ. ನಟಕೇಂದ್ರಿತ ವಾದ ಕಾಮಿಕ್ಸ್ ಅನಿವಾರ್ಯವಲ್ಲ ಎಂಬುದನ್ನು ವಿವರಿಸುತ್ತದೆ. ಅಸಾಧ್ಯವೇಕೆ ಎಂಬುದನ್ನು ವಿವರಿಸುವುದಿಲ್ಲ.

ಎರಡನೆಯ ವಾದ: ಧಾರಾವಾಹಿಯೇ ಇಲ್ಲಿನ ಕಾಮಿಕ್ಸ್

ಇನ್ನೊಂದು ಬಳಗ ಪ್ರಶ್ನೆಯನ್ನೇ ತಿರುಗಿಸುತ್ತದೆ. ಅಮೆರಿಕಕ್ಕೆ ಕಾಮಿಕ್ಸ್ ಏನೋ ತಮಿಳಿಗೆ ವಾರಪತ್ರಿಕೆಯ ಚಿತ್ರಸಹಿತ ಧಾರಾವಾಹಿ ಅದು ಎಂಬುದು ಇವರ ನಿಲುವು. 1950ರಿಂದ 1954ರವರೆಗೆ ‘ಕಲ್ಕಿ’ಯಲ್ಲಿ ‘ಪೊನ್ನಿಯಿನ್ ಸೆಲ್ವನ್’ ಬಂದಾಗ ಮಣಿಯಂ ಬರೆದ ಚಿತ್ರಗಳು ವಂದಿಯದೇವನ್, ನಂದಿನಿಯರಿಗೆ ರೂಪ ಕೊಟ್ಟವು. 2022ರಲ್ಲಿ ಮಣಿರತ್ನಂ ಅದನ್ನು ತೆರೆಗೆ ತಂದಾಗ ಹಿರಿಯ ಓದುಗರು ನಟರನ್ನು ಅಳೆದದ್ದು ಆ ಚಿತ್ರಗಳ ಪಕ್ಕದಲ್ಲಿಟ್ಟು. ಪುಟದ ಮೇಲಿನ ರೂಪಕ್ಕೆ ತೆರೆ ನಿಷ್ಠವಾಗಿದೆಯೇ ಎಂಬ ಈ ಜಗಳ ಬ್ಯಾಟ್‌ಮ್ಯಾನ್ ಅಭಿಮಾನಿಗಳ ಜಗಳಕ್ಕಿಂತ ಬೇರೆಯೇನಲ್ಲ.

ತಮಿಳು ಲೇಖಕ ಸುಜಾತಾ ಅವರ ಬರಹ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದುಕೊಂಡು ಅವರು ಬರೆದ ಗಣೇಶ್-ವಸಂತ್ ಪತ್ತೇದಾರಿ ಕಥೆಗಳಿಗೆ ಜಯರಾಜ್ ಬರೆದ ಚಿತ್ರಗಳಲ್ಲಿ ಒಂದು ನಗರದ ಗತ್ತು ಇತ್ತು: ಬೆಲ್ ಬಾಟಮ್, ಕಾರು, ಧೈರ್ಯವಾಗಿ ನೋಡುವ ಹೆಣ್ಣು. ಅಲ್ಲಿಂದ ಬಂದ ‘ಪ್ರಿಯಾ’ದಲ್ಲಿ (1978) ವಕೀಲ ಗಣೇಶ್ ಪಾತ್ರ ರಜನಿಯದ್ದು. ಅಂಬರೀಷ್ ಕೂಡ ಇದ್ದ ಆ ಚಿತ್ರ ಕನ್ನಡದಲ್ಲೂ ತಯಾರಾಯಿತು. 1986ರ ‘ವಿಕ್ರಂ’ ಸುಜಾತಾ ಅವರ ಕೈಯಿಂದ ‘ಕುಮುದಂ’ನಲ್ಲಿ ಧಾರಾವಾಹಿಯಾಗಿಯೂ ಬಂತು. ಕದ್ದ ಕ್ಷಿಪಣಿ, ಕಂಪ್ಯೂಟರ್, ಸಲಾಮಿಯಾ ಎಂಬ ಕಲ್ಪಿತ ದೇಶ ಎಲ್ಲವೂ ಕಾಮಿಕ್ಸ್ ಸರಕೇ. 2022ರಲ್ಲಿ ಲೋಕೇಶ್ ಅದೇ ಹೆಸರಿನ ಏಜೆಂಟನನ್ನು ಮತ್ತೆ ಎಬ್ಬಿಸಿ, ‘ಕೈದಿ’ಯ ಪಾತ್ರಗಳೊಡನೆ ಜೋಡಿಸಿ, ಚಿತ್ರದಿಂದ ಚಿತ್ರಕ್ಕೆ ಹರಿಯುವ ಒಂದು ಲೋಕ ಕಟ್ಟಿದರು. ಆ ಜೋಡಣೆಯ ತಂತ್ರ ಮಾರ್ವೆಲ್ ಕಾಮಿಕ್ಸ್‌ನದ್ದು. ಸರಕು ಮಾತ್ರ ತಮಿಳು ವಾರಪತ್ರಿಕೆಯದ್ದು.

ಈ ವಾದಕ್ಕೂ ಒಂದು ಕೊರತೆ ಇದೆ. ಧಾರಾವಾಹಿಯ ಚಿತ್ರ ವಾರಕ್ಕೆ ಒಂದೋ ಎರಡೋ. ಅದು ಪಾತ್ರದ ರೂಪ ಕೊಡುತ್ತದೆ, ಚಲನೆ ಕೊಡುವುದಿಲ್ಲ. ಹೊಡೆದಾಟದ ನಡೆಯನ್ನು ಚೌಕಟ್ಟಿಂದ ಚೌಕಟ್ಟಿಗೆ ಯೋಚಿಸುವ ಕಲೆ ಬೇರೆಯೇ. ಅದನ್ನು ತಮಿಳರಿಗೆ ಕಲಿಸಿದ್ದು ಶಿವಕಾಶಿಯ ಪುಸ್ತಕಗಳು.

ಮೂರನೆಯ ವಾದ: ಹಕ್ಕು ಯಾರದ್ದು?

ಚಿತ್ರರಂಗದ ಲೆಕ್ಕಪತ್ರ ಬಲ್ಲವರ ವಾದ ಇದಕ್ಕಿಂತ ಒಣ, ಆದರೆ ಗಟ್ಟಿ. ಹಾಲಿವುಡ್‌ನಲ್ಲಿ ಡಿಸಿ ಕಾಮಿಕ್ಸ್ ದಶಕಗಳಿಂದ ವಾರ್ನರ್ ಬಳಗದ್ದು. ಮಾರ್ವೆಲನ್ನು ಡಿಸ್ನಿ 2009ರಲ್ಲಿ ಕೊಂಡಿತು. ಪುಸ್ತಕ, ಸಿನಿಮಾ, ಆಟಿಕೆ ಎಲ್ಲದರ ಲಾಭ ಒಂದೇ ತಿಜೋರಿಗೆ ಬೀಳುತ್ತದೆ. ಅಲ್ಲಿ ಕಾಮಿಕ್ಸ್ ಎಂದರೆ ಮೊದಲೇ ಪರೀಕ್ಷೆಗೆ ಒಳಗಾದ ಕಥೆಗಳ ಉಗ್ರಾಣ.

ಚೆನ್ನೈಗೆ ಆ ಉಗ್ರಾಣದ ಬೀಗದ ಕೈ ಸಿಗಲಿಲ್ಲ. ಮುತ್ತು, ಲಯನ್, ರಾಣಿ ಮೂರೂ ಮುಖ್ಯವಾಗಿ ಮಾರಿದ್ದು ವಿದೇಶದಿಂದ ಬಂದ ಕಥೆಗಳನ್ನು. ತಮಿಳು ಓದುಗ ‘ನಮ್ಮ ಮಾಯಾವಿ’ ಎಂದ ಪಾತ್ರ ಇಂದು ಬ್ರಿಟನ್ನಿನ ರೆಬೆಲಿಯನ್ ಸಂಸ್ಥೆಯ ಆಸ್ತಿ. ಟೆಕ್ಸ್ ವಿಲ್ಲರ್ ಇಟಲಿಯ ಬೊನೆಲ್ಲಿಯದ್ದು. ಬಾಂಡ್ ವಿಷಯ ಹೇಳುವುದೇ ಬೇಡ. ಪ್ರೀತಿ ಇಲ್ಲಿ, ಒಡೆತನ ಅಲ್ಲಿ. ನಿರ್ಮಾಪಕ ವಿದೇಶಿ ಹಕ್ಕಿಗೆ ಹಣ ಸುರಿಯುವ ಬದಲು ಆ ಕಥೆಯ ರುಚಿಯನ್ನು ಮಾತ್ರ ತೆಗೆದುಕೊಂಡು ಹೊಸ ಹೆಸರಿನಲ್ಲಿ ಬಡಿಸುತ್ತಾನೆ.

ಹಾಗೆಂದು ಸ್ವಂತ ಪಾತ್ರ ಹುಟ್ಟಿಸುವ ಪ್ರಯತ್ನ ನಡೆದೇ ಇಲ್ಲ ಎನ್ನುವಂತಿಲ್ಲ. ಚೆನ್ನೈನ ವಿರ್ಜು ಸ್ಟುಡಿಯೋಸ್ 2022ರಲ್ಲಿ ರಮೇಶ್ ತಮಿಳ್‌ಮಣಿ ಅವರ ‘ಅಥರ್ವ: ದಿ ಒರಿಜಿನ್’ ಗ್ರಾಫಿಕ್ ಕಾದಂಬರಿ ತಂದಿತು. ಮುಖಪುಟದ ನಾಯಕನ ಮುಖ ಮಹೇಂದ್ರ ಸಿಂಗ್ ಧೋನಿಯದ್ದು. ಪಾತ್ರಕ್ಕೆ ಹೊಸ ಮುಖ ಹುಡುಕುವ ಬದಲು ಪ್ರಸಿದ್ಧ ಮುಖಕ್ಕೆ ಪಾತ್ರ ಹೊಲಿದದ್ದು ಮೊದಲ ವಾದದವರಿಗೆ ಖುಷಿ ಕೊಡುವ ಸಂಗತಿ. ತೆಲುಗಿನಲ್ಲಿ ಹೊಳೆ ಉಲ್ಟಾ ಹರಿಯಿತು: ‘ಬಾಹುಬಲಿ’ ಸಿನಿಮಾ ಮೊದಲು, ಅದರ ಕಾಮಿಕ್ಸ್ ಆಮೇಲೆ. ಕಾಮಿಕ್ಸ್ ಅಲ್ಲಿ ಕಥೆಯ ತವರಲ್ಲ, ಪ್ರಚಾರದ ಕೊನೆಯ ಸಾಮಗ್ರಿ.

ಹಕ್ಕಿನ ವಾದಕ್ಕೆ ಎದುರಾಗುವ ಪ್ರಶ್ನೆ ಒಂದೇ. ಹಣವೇ ತೊಡಕಾಗಿದ್ದರೆ, ಚಿಕ್ಕ ಬಜೆಟ್ಟಿನಲ್ಲಿ ಒಳ್ಳೆಯ ಚಿತ್ರ ಮಾಡುವ ತಮಿಳಿನ ಹೊಸಬರು ಸ್ಥಳೀಯ ಚಿತ್ರಕಾರನೊಬ್ಬನ ಕಥೆಯನ್ನೇಕೆ ಎತ್ತಿಕೊಳ್ಳಲಿಲ್ಲ?

ನಾಲ್ಕನೆಯ ವಾದ: ಸ್ಟೈಲ್ ಪುಸ್ತಕದಿಂದ ಬರುವುದಿಲ್ಲ

ರೂಪದ ಬಗ್ಗೆ ಯೋಚಿಸುವವರು ಕಥೆಯನ್ನೇ ಪಕ್ಕಕ್ಕಿಡುತ್ತಾರೆ. ಅವರ ನೆಚ್ಚಿನ ಉದಾಹರಣೆಗಳು ಎರಡು. 2005ರ ‘ಸಿನ್ ಸಿಟಿ’ಯನ್ನು ರಾಬರ್ಟ್ ರೊಡ್ರಿಗೆಜ್, ಮೂಲ ಚಿತ್ರಕಾರ ಫ್ರಾಂಕ್ ಮಿಲ್ಲರ್ ಅವರನ್ನೇ ಜೊತೆಗೆ ನಿರ್ದೇಶಕರಾಗಿ ಕೂರಿಸಿಕೊಂಡು, ಹಸಿರು ಪರದೆಯ ಮುಂದೆ ಪುಟಪುಟವನ್ನೂ ಮರುಸೃಷ್ಟಿಸಿದರು. ಇದಕ್ಕೆ ತದ್ವಿರುದ್ಧ 2017ರ ‘ಅಟಾಮಿಕ್ ಬ್ಲಾಂಡ್’. ಅದರ ಮೂಲವಾದ ‘ದಿ ಕೋಲ್ಡೆಸ್ಟ್ ಸಿಟಿ’ ಕಪ್ಪು-ಬಿಳುಪಿನ, ನಿಧಾನಗತಿಯ ಗೂಢಚಾರ ಕಥೆ. ಸ್ಟಂಟ್ ಹಿನ್ನೆಲೆಯ ನಿರ್ದೇಶಕ ಡೇವಿಡ್ ಲೀಚ್ ಅದಕ್ಕೆ ನಿಯಾನ್ ಬೆಳಕು, ಎಂಬತ್ತರ ದಶಕದ ಹಾಡುಗಳು, ಒಂದೇ ಶಾಟ್‌ನಂತೆ ಕಾಣುವ ಮೆಟ್ಟಿಲಿನ ಹೊಡೆದಾಟ ಸ್ವತಃ ಸೇರಿಸಿದರು. ಪುಸ್ತಕದಲ್ಲಿ ಆ ಮೆರುಗು ಇರಲೇ ಇಲ್ಲ.

ಎರಡನೆಯ ಬಗೆಯ ಮೆರುಗಿಗೆ ಚೆನ್ನೈ ಯಾರ ಬಳಿಯೂ ಕೈಚಾಚಬೇಕಿಲ್ಲ. ‘ಕೈದಿ’, ‘ವಿಕ್ರಂ’ಗಳ ಹೊಡೆದಾಟ ಸಂಯೋಜಿಸಿದ ಅನ್ಬರಿವ್ ಅವಳಿ ಸೋದರರೇ ನಮ್ಮ ‘ಕೆ.ಜಿ.ಎಫ್’ ಎರಡನೇ ಭಾಗಕ್ಕೆ ಸಾಹಸ ಸಂಯೋಜನೆಯ ರಾಷ್ಟ್ರಪ್ರಶಸ್ತಿ ತಂದವರು. ರೂಪದ ಪ್ರಯೋಗ 2001ರ ‘ಆಳವಂದಾನ್’ನಲ್ಲೇ ನಡೆದಿತ್ತು. ಕಮಲಹಾಸನ್ ತಮ್ಮದೇ ಕಾದಂಬರಿ ‘ದಾಯಂ’ ಆಧರಿಸಿ ಬರೆದ ಆ ಚಿತ್ರದಲ್ಲಿ ಮನೋರೋಗಿ ನಂದು ಹಿಂಸೆಗೆ ಇಳಿಯುವ ಹೊತ್ತಿಗೆ ನಟರು ಮರೆಯಾಗಿ ಅನಿಮೇಷನ್ ಶುರುವಾಗುತ್ತದೆ. ರಕ್ತ ಬಣ್ಣವಾಗುತ್ತದೆ, ಮನುಷ್ಯ ಗೊಂಬೆಯಾಗುತ್ತಾನೆ. ಕೊಲೆಗಾರನ ತಲೆಯೊಳಗೆ ಅದು ಹೇಗೆ ಕಾಣುತ್ತಿದೆ ಎಂಬುದೇ ನಮಗೆ ಕಾಣುತ್ತದೆ. ಚಿತ್ರ ಆಗ ಸೋತಿತು. ಕ್ವೆಂಟಿನ್ ಟಾರಂಟಿನೊ ‘ಕಿಲ್ ಬಿಲ್’ನ ಅನಿಮೇಷನ್ ಭಾಗಕ್ಕೆ ಇದರಿಂದ ಪ್ರೇರಣೆ ಪಡೆದರೆಂದು ಅನುರಾಗ್ ಕಶ್ಯಪ್ ಹೇಳಿದ್ದಾಗಿ ವರದಿಯಾದ ಮೇಲೆ ಅದರ ಮಾನ ಹೆಚ್ಚಿತು.

ಹೀಗಾಗಿ ಈ ವಾದದವರ ತೀರ್ಪು: ಕಾಮಿಕ್ಸ್ ಎಂಬುದು ಪುಸ್ತಕವಲ್ಲ, ನೋಡುವ ಕ್ರಮ, ಆ ಕ್ರಮ ಚೆನ್ನೈಗೆ ಬಂದು ಬಹಳ ವರ್ಷವಾಯಿತು. ಮಾತು ಆಕರ್ಷಕ. ಆದರೆ ಇದನ್ನೇ ಎಳೆದರೆ ಸ್ಲೋ ಮೋಷನ್ ಇರುವ ಪ್ರತಿಯೊಂದು ಚಿತ್ರವೂ ಕಾಮಿಕ್ಸ್ ಆಗಿಬಿಡುತ್ತದೆ; ಆಗ ಪ್ರಶ್ನೆಯೇ ಉಳಿಯುವುದಿಲ್ಲ.

ಐದನೆಯ ವಾದ: ವಿಧಾನಸಭೆಯ ದಾರಿ

ಸಮಾಜ ವಿಜ್ಞಾನಿಗಳು ನೋಡುವುದು ಬೇರೆ ಕಿಟಕಿಯಿಂದ. ಎಂ.ಎಸ್.ಎಸ್. ಪಾಂಡಿಯನ್ 1992ರಲ್ಲಿ ಎಂಜಿಆರ್ ಕುರಿತು ‘ದಿ ಇಮೇಜ್ ಟ್ರ್ಯಾಪ್’ ಬರೆದರು. ಎಂ. ಮಾಧವ ಪ್ರಸಾದ್ 2014ರ ‘ಸಿನೆ-ಪಾಲಿಟಿಕ್ಸ್’ನಲ್ಲಿ ಎಂಜಿಆರ್, ಎನ್‌ಟಿಆರ್, ರಾಜ್‌ಕುಮಾರ್ ಮೂವರನ್ನೂ ಒಟ್ಟಿಗೆ ಇಟ್ಟು ನೋಡಿದರು. ಇಂಥ ಅಧ್ಯಯನಗಳ ಬೆಳಕಿನಲ್ಲಿ ಹೇಳುವುದಾದರೆ, ದಕ್ಷಿಣದ ನಾಯಕ ತೆರೆಯ ಮೇಲೆ ಕೊಡುವ ನ್ಯಾಯ ತೆರೆಯ ಹೊರಗಿನ ಒಂದು ಬೇಡಿಕೆಗೆ ಕೊಟ್ಟ ಉತ್ತರ. ಅಮೆರಿಕದ ಮುಖವಾಡಧಾರಿ ರಾತ್ರಿ ಗುಟ್ಟಾಗಿ ನ್ಯಾಯ ಮಾಡಿ ಬೆಳಗ್ಗೆ ಸಾಮಾನ್ಯನಾಗುತ್ತಾನೆ. ತಮಿಳು ನಾಯಕನ ಪಯಣ ಇದಕ್ಕೆ ಉಲ್ಟಾ. ಅವನು ಹಗಲಿನಲ್ಲಿ, ಸ್ವಂತ ಮುಖದಲ್ಲಿ, ಜನರ ಕಣ್ಣೆದುರು ನ್ಯಾಯ ಮಾಡಬೇಕು. 1977ರಲ್ಲಿ ಎಂಜಿಆರ್ ಮುಖ್ಯಮಂತ್ರಿಯಾದರು. 2018ರಲ್ಲಿ ಕಮಲ್, 2024ರಲ್ಲಿ ವಿಜಯ್ ಪಕ್ಷ ಕಟ್ಟಿದರು. ಹೆಸರು ಮುಚ್ಚಿಟ್ಟ ನಾಯಕನಿಗೆ ಓಟು ಹಾಕುವುದು ಹೇಗೆ?

ಹೊಸ ನಿರ್ದೇಶಕರ ಸಾಮಾನ್ಯ ನಾಯಕರನ್ನು ಮಾತ್ರ ಈ ವಾದ ವಿವರಿಸಲಾರದು. ‘ಮಾನಗರಂ’ನಲ್ಲಿ ರಾಜಕೀಯ ಕನಸು ಕಾಣುವ ನಾಯಕನೇ ಇಲ್ಲ.

ಐದೂ ವಾದಗಳು ಎದುರಾಗುವ ಚಿತ್ರ

2023ರ ಜುಲೈಯಲ್ಲಿ ಬಂದ ಮಡೋನ್ ಅಶ್ವಿನ್ ಅವರ ‘ಮಾವೀರನ್’ ಚಿತ್ರವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ಶಿವಕಾರ್ತಿಕೇಯನ್ ಮಾಡಿದ ಸತ್ಯ ಪತ್ರಿಕೆಗೆ ‘ಮಾವೀರನ್’ ಎಂಬ ಕಾಮಿಕ್ಸ್ ಬರೆಯುವ ಪುಕ್ಕಲ. ಬರೆಯುವುದು ಅವನು, ಹೆಸರು ಬೇರೆಯವರದ್ದು. ಅವನ ಸ್ಲಮ್ಮಿನ ಜನರನ್ನೆಲ್ಲ ಒಕ್ಕಲೆಬ್ಬಿಸಿ ಹೊಸ ಅಪಾರ್ಟ್‌ಮೆಂಟಿಗೆ ಸಾಗಿಸುತ್ತಾರೆ. ಅಲ್ಲಿ ಗೋಡೆ ಮುಟ್ಟಿದರೆ ಗಾರೆ ಉದುರುತ್ತದೆ. 2021ರಲ್ಲಿ ಚೆನ್ನೈನ ಪುಳಿಯಂತೋಪಿನ ಕೆ.ಪಿ. ಪಾರ್ಕ್ ವಸತಿ ಸಮುಚ್ಚಯದಲ್ಲಿ ನಿವಾಸಿಗಳು ಬೆರಳಿನಿಂದ ಗಾರೆ ಕೆರೆದು ತೋರಿಸಿದ್ದನ್ನು ಟಿವಿಯಲ್ಲಿ ಕಂಡವರಿಗೆ ಆ ದೃಶ್ಯ ಕಟ್ಟುಕಥೆ ಅನ್ನಿಸಲಿಲ್ಲ.

ಒಂದು ಪೆಟ್ಟಿನ ನಂತರ ಸತ್ಯನಿಗೆ ಮೇಲಿನಿಂದ ಒಂದು ಧ್ವನಿ ಕೇಳತೊಡಗುತ್ತದೆ. ವಿಜಯ್ ಸೇತುಪತಿಯ ಆ ಗಂಭೀರ ಧ್ವನಿ ಅವನನ್ನು ‘ಮಾವೀರನ್’ ಎಂದು ಕರೆದು, ಅವನು ಇನ್ನೇನು ಮಾಡಲಿದ್ದಾನೆ ಎಂಬುದನ್ನು ಮೊದಲೇ ವರ್ಣಿಸುತ್ತದೆ. ಅವನು ಕತ್ತೆತ್ತಿ ನೋಡುತ್ತಾನೆ, ಬೇಡ ಎನ್ನುತ್ತಾನೆ, ಕೈ ಮಾತ್ರ ತಾನಾಗಿ ಹೊಡೆಯುತ್ತದೆ. ಕಾಮಿಕ್ಸ್ ಚೌಕಟ್ಟಿನ ಮೇಲಂಚಿನಲ್ಲಿ ಕಥೆಗಾರನ ಮಾತಿಗೆಂದು ಒಂದು ಪಟ್ಟಿ ಇರುತ್ತದಲ್ಲ, ಈ ಧ್ವನಿ ಅದೇ. ಸತ್ಯ ಕತ್ತೆತ್ತುವುದು ಆ ಪಟ್ಟಿ ಓದಲು. ಪುಟದ ಒಂದು ಅಂಗವನ್ನು ಇಷ್ಟು ಚೊಕ್ಕಟವಾಗಿ ಸಿನಿಮಾದ ಅಂಗವಾಗಿಸಿದ್ದು ಭಾರತೀಯ ಚಿತ್ರಗಳಲ್ಲಿ ಅಪರೂಪ. ಯಾವ ಪುಸ್ತಕದ ರೂಪಾಂತರವೂ ಅಲ್ಲದ ಈ ಚಿತ್ರ ಕಾಮಿಕ್ಸ್‌ಗೆ ‘ಲಿಯೋ’ಗಿಂತ ಹತ್ತಿರದ ನೆಂಟ.

ನಮ್ಮ ‘ಕೆ.ಜಿ.ಎಫ್’ ಕೂಡ ಇಂಥದ್ದೊಂದು ಆಟ ಆಡಿತು. ಆನಂದ್ ಇಂಗಳಗಿ ಬರೆದ, ಸರ್ಕಾರ ನಿಷೇಧಿಸಿದ ಪುಸ್ತಕವೊಂದು ಇದೆ ಎಂದು ಹೇಳಿ, ಅದರಿಂದಲೇ ರಾಕಿಯ ಕಥೆ ಬಿಚ್ಚಿತು. ಆ ಪುಸ್ತಕ ಲೋಕದಲ್ಲಿಲ್ಲ. ಮೂಲ ಗ್ರಂಥವಿಲ್ಲದ ಚಿತ್ರರಂಗ ಮೂಲ ಗ್ರಂಥವನ್ನೇ ಕಲ್ಪಿಸಿಕೊಂಡಿತು.

ಇನ್ನೂ ತೀರ್ಮಾನವಾಗದ್ದು

ಇಷ್ಟೆಲ್ಲ ಹೇಳಿದ ಮೇಲೂ ಕೆಲವು ಪ್ರಶ್ನೆಗಳು ಬಾಕಿ. ಉಕ್ಕಿನ ಕೈ ಎಂದಾದರೂ ತೆರೆಗೆ ಬಂದರೆ ಅದು ಬ್ರಿಟನ್ನಿನ ಕ್ರಾಂಡೆಲ್ ಆಗಿರಬೇಕೋ, ಐವತ್ತು ವರ್ಷ ತಮಿಳರ ನಡುವೆ ಬೆಳೆದ ಬೇರೆಯೇ ಒಬ್ಬನೋ? ಮೂಲದ ಹಕ್ಕು ಕಾನೂನಿಗೆ ಗೊತ್ತು. ಅನುವಾದದ ಓದುಗರು ಕಟ್ಟಿಕೊಂಡ ಪಾತ್ರದ ಹಕ್ಕು ಯಾರಿಗೆ ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಮಧ್ಯವಯಸ್ಸು ದಾಟಿದ ಓದುಗರ ನೆನಪಿನ ಮೇಲೆ ಇಂದಿನ ಯುವ ಪ್ರೇಕ್ಷಕರಿಗೆ ಚಿತ್ರ ಮಾಡಲು ಸಾಧ್ಯವೇ ಎಂಬುದೂ ಪರೀಕ್ಷೆಯಾಗಿಲ್ಲ. ಚೆನ್ನೈ ಟ್ರೇಡ್ ಸೆಂಟರ್‌ನಲ್ಲಿ 2024ರಲ್ಲಿ ನಡೆದ ಮೊದಲ ಕಾಮಿಕ್ ಕಾನ್‌ಗೆ ವೇಷ ಕಟ್ಟಿ ಬಂದ ಹುಡುಗ ಹುಡುಗಿಯರ ಓದು ಜಪಾನಿನ ಮಂಗಾ. ಅವರಿಗೆ ಶಿವಕಾಶಿ ಎಂದರೆ ಪಟಾಕಿ. ಲಯನ್ ಕಾಮಿಕ್ಸ್ ತನ್ನ ಮೊದಲ ಸಂಚಿಕೆಯಲ್ಲೇ ಹೆಣ್ಣೊಬ್ಬಳ ಕೈಗೆ ಪಿಸ್ತೂಲು ಕೊಟ್ಟಿತ್ತು. ಆ ಓದಿನಿಂದ ಬೆಳೆದ ಚಿತ್ರರಂಗ ಮಾಡೆಸ್ಟಿಯಂಥವಳನ್ನು ನಡುವಿಗಿಟ್ಟು ದೊಡ್ಡ ಬಜೆಟ್ಟಿನ ಆಕ್ಷನ್ ಸರಣಿ ಕಟ್ಟದೇ ಉಳಿದದ್ದು ಏಕೆ ಎಂಬುದನ್ನು ಐದು ವಾದಗಳಲ್ಲಿ ಒಂದೂ ಮುಟ್ಟುವುದಿಲ್ಲ.

ನನ್ನ ಮಟ್ಟಿಗೆ ಹಕ್ಕಿನ ವಾದವೇ ಹೆಚ್ಚು ತೂಕದ್ದು, ಆದರೆ ಅದನ್ನು ಕಂಪನಿಗಳ ಲೆಕ್ಕದಿಂದ ಕಲಾವಿದನ ಲೆಕ್ಕಕ್ಕೆ ಇಳಿಸಿ ನೋಡಬೇಕು. ಓದುಗ, ಸ್ಟಂಟ್ ಮಾಸ್ಟರ್, ಛಾಯಾಗ್ರಾಹಕ, ನಟ ಎಲ್ಲರೂ ಚೆನ್ನೈನಲ್ಲಿದ್ದಾರೆ. ಸ್ವಂತ ಪಾತ್ರ ಹುಟ್ಟಿಸಿ, ವರ್ಷಗಟ್ಟಲೆ ಅದನ್ನೇ ಬರೆದು, ಅದರ ಒಡೆಯನಾಗಿ ಉಳಿಯುವ ಚಿತ್ರಕಾರ ಮಾತ್ರ ಅಲ್ಲಿ ನೆಲೆ ಕಾಣಲಿಲ್ಲ. ಪತ್ರಿಕೆ ಅವನಿಗೆ ಪುಟದ ಲೆಕ್ಕದಲ್ಲಿ ಕೂಲಿ ಕೊಟ್ಟಿತು. ಸಿನಿಮಾ ಅವನನ್ನು ಸ್ಟೋರಿಬೋರ್ಡ್ ಬರೆಯಲು ಕರೆಯಿತು. ಬೆಂಗಳೂರಿನ ಸ್ಥಿತಿಯೂ ಇದಕ್ಕಿಂತ ಮೇಲಲ್ಲ. ಕನ್ನಡದ ಪತ್ರಿಕೆಗಳೂ ನಿರ್ಮಾಪಕರೂ ಈಗ ಮಾಡಬಹುದಾದ ಒಂದು ಕೆಲಸವಿದೆ: ಚಿತ್ರಕಾರನಿಗೆ ಧಾರಾವಾಹಿಯ ಜಾಗ ಕೊಡಿ, ಪಾತ್ರದ ಹಕ್ಕನ್ನು ಅವನ ಹೆಸರಿಗೇ ಬರೆದುಕೊಡಿ, ಸಿನಿಮಾ ಆದರೆ ಪಾಲು ಕೊಡಿ. ಅದು ಆಗುವವರೆಗೆ ನಾವು ನೋಡುವುದು ಇನ್ನೊಬ್ಬರ ಕಾಮಿಕ್ಸ್‌ನ ಎರಡನೇ ಪ್ರತಿಯನ್ನೇ.